ನಮ್ಮೂರ ತಾರಸಿಯಿಂದ ತ್ರಿಶಂಕು

ಶುಕ್ರವಾರ ಮಧ್ಯಾಹ್ನ ಲಾಗೌಟ್ ಮಾಡಿ ಬೆಂಗಳೂರು ಬಿಟ್ಟಾಗ ನನ್ನ ಬ್ಯಾಗಿನಲ್ಲಿ ಎರಡು ಮುಖ್ಯ ವಸ್ತುಗಳಿದ್ದವು. ಒಂದು, ಹೊಸದಾಗಿ ಕೊಂಡ ಬೈನಾಕ್ಯುಲರ್. ಇನ್ನೊಂದು, ಆಫೀಸಿನಿಂದ ಬಂದ ಪತ್ರದ ಪ್ರಿಂಟೌಟ್. ಎರಡು ವರ್ಷದ ಮಟ್ಟಿಗೆ ಮೆಲ್ಬರ್ನ್ ಶಾಖೆಗೆ ಹೋಗ್ತೀಯಾ ಅಂತ ಕೇಳಿದ್ದರು. ಸೋಮವಾರದೊಳಗೆ ಉತ್ತರ ಕೊಡಬೇಕಿತ್ತು.

ಬೈನಾಕ್ಯುಲರ್ ತಂದಿದ್ದು ತ್ರಿಶಂಕುವನ್ನು ನೋಡೋಕೆ. ಪತ್ರ ತಂದಿದ್ದು ಅಜ್ಜಿಗೆ ಹೇಳೋಕೆ. ಆಕಾಶದಲ್ಲಿ ನಕ್ಷತ್ರ ಹುಡುಕೋದಕ್ಕಿಂತ ಅಜ್ಜಿ ಮುಂದೆ ಬಾಯಿ ಬಿಡೋದು ಕಷ್ಟ ಅಂತ ದಾರಿಯುದ್ದಕ್ಕೂ ಅನ್ನಿಸುತ್ತಿತ್ತು.

ನಮ್ಮೂರು ಗುಂಡ್ಲುಪೇಟೆ ತಾಲೂಕಿನಲ್ಲಿ, ಹಂಗಳದ ಕಡೆ. ಮೈಸೂರು, ನಂಜನಗೂಡು ದಾಟಿ ಗುಂಡ್ಲುಪೇಟೆಗೆ ಬಂದರೆ ರಸ್ತೆ ಕವಲಾಗುತ್ತದೆ. ಒಂದು ಕೇರಳಕ್ಕೆ, ಇನ್ನೊಂದು ಬಂಡೀಪುರದ ಮೂಲಕ ಊಟಿಗೆ. ಮಳೆಗಾಲದಲ್ಲಿ ಕಾರು ನಿಲ್ಲಿಸಿ ನೀವೆಲ್ಲ ಫೋಟೋ ತೆಗೆಸಿಕೊಳ್ಳೋ ಸೂರ್ಯಕಾಂತಿ ಹೊಲಗಳು ಇರೋದು ಇದೇ ದಾರಿಯಲ್ಲಿ. ಏಪ್ರಿಲ್‌ನಲ್ಲಿ ಮಾತ್ರ ಹೂವಿಲ್ಲ, ಫೋಟೋದವರೂ ಇಲ್ಲ. ಉತ್ತ ಹೊಲ, ಧೂಳು, ದೂರದಲ್ಲಿ ನೀಲಗಿರಿಯ ಮಸುಕು ಗೆರೆ ಅಷ್ಟೇ.

ಆದರೆ ದಕ್ಷಿಣದ ಆಕಾಶ ನೋಡೋಕೆ ಇದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ. ಕಾರಣ ಸರಳ. ನಮ್ಮೂರಿನ ದಕ್ಷಿಣಕ್ಕೆ ಪೇಟೆ ಇಲ್ಲ, ಕಾಡಿದೆ. 2009ರಿಂದ ಬಂಡೀಪುರದ ಒಳಗೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಾಮಾನ್ಯ ವಾಹನಗಳು ಓಡಾಡುವ ಹಾಗಿಲ್ಲ. ಪ್ರಾಣಿಗಳು ನೆಮ್ಮದಿಯಾಗಿರಲಿ ಅಂತ ಮಾಡಿದ ನಿಯಮ. ನಕ್ಷತ್ರ ನೋಡುವವರಿಗೂ ಅದರಿಂದ ಪುಕ್ಕಟೆ ಲಾಭ. ಒಂಬತ್ತಕ್ಕೆ ಗೇಟು ಬಿದ್ದ ಮೇಲೆ ಆ ದಿಕ್ಕು ಪೂರ್ತಿ ಕತ್ತಲು.

ಯಾರು ಈ ತ್ರಿಶಂಕು?

‘ತ್ರಿಶಂಕು ಸ್ವರ್ಗ’ ಅನ್ನೋ ಮಾತು ನಮಗೆಲ್ಲ ಗೊತ್ತು. ಅತ್ತ ಅಲ್ಲ, ಇತ್ತ ಅಲ್ಲ. ನಮ್ಮ ತಲೆಮಾರಿಗಂತೂ ಅದು ಹೊಸದೇನಲ್ಲ. ರೇಷನ್ ಕಾರ್ಡ್ ಊರಿನಲ್ಲಿ, ಬಾಡಿಗೆ ಕರಾರು ಬೆಂಗಳೂರಿನಲ್ಲಿ, ಬಾಸ್ ಇನ್ಯಾವುದೋ ದೇಶದ ಟೈಮಲ್ಲಿ.

ಕತೆ ನಾನು ಕೇಳಿದ್ದು ಅಜ್ಜಿಯಿಂದಲೇ. ಸೂರ್ಯವಂಶದ ರಾಜ ತ್ರಿಶಂಕು. ನಮ್ಮ ಸತ್ಯಹರಿಶ್ಚಂದ್ರನ ಅಪ್ಪ. ಇದೇ ದೇಹದಲ್ಲಿ, ಸಾಯದೆ ಸ್ವರ್ಗಕ್ಕೆ ಹೋಗಬೇಕು ಅಂತ ಅವನಿಗೆ ಆಸೆ. ಕುಲಗುರು ವಸಿಷ್ಠರು ಆಗಲ್ಲ ಅಂದರು. ಅವರ ಮಕ್ಕಳನ್ನು ಹೋಗಿ ಕೇಳಿದ. ಅವರು ಸಿಟ್ಟಿನಲ್ಲಿ ಶಾಪ ಕೊಟ್ಟು ಅವನ ರೂಪವನ್ನೇ ಬದಲಿಸಿಬಿಟ್ಟರು. ಊರವರು, ಮಂತ್ರಿಗಳು ಎಲ್ಲ ಬಿಟ್ಟು ಓಡಿದರು. ಕೊನೆಗೆ ಸಿಕ್ಕಿದ್ದು ವಿಶ್ವಾಮಿತ್ರ. ನಾನು ಕಳಿಸ್ತೀನಿ ಅಂತ ಮಾತು ಕೊಟ್ಟ, ಯಜ್ಞ ಮಾಡಿದ, ಕಳಿಸಿಯೂ ಕಳಿಸಿದ. ಮೇಲೆ ಇಂದ್ರ ಬಾಗಿಲಲ್ಲೇ ತಡೆದು ಕೆಳಗೆ ತಳ್ಳಿದ. ತಲೆಕೆಳಗಾಗಿ ಬೀಳುತ್ತಿದ್ದ ತ್ರಿಶಂಕು ಕೂಗಿಕೊಂಡ. ವಿಶ್ವಾಮಿತ್ರ ಕೆಳಗಿನಿಂದಲೇ ‘ಅಲ್ಲೇ ನಿಲ್ಲು’ ಅಂದ. ನಿಂತ. ಅಷ್ಟಕ್ಕೇ ಬಿಡದೆ ದಕ್ಷಿಣ ದಿಕ್ಕಿನಲ್ಲಿ ಹೊಸ ಸಪ್ತರ್ಷಿಗಳನ್ನೂ ಹೊಸ ನಕ್ಷತ್ರಗಳನ್ನೂ ಸೃಷ್ಟಿಸೋಕೆ ಕೂತ. ಇನ್ನು ಹೊಸ ಇಂದ್ರನನ್ನೂ ಮಾಡಿಬಿಡ್ತಾನೆ ಅಂತ ದೇವತೆಗಳು ಹೆದರಿ ರಾಜಿಗೆ ಬಂದರು. ತ್ರಿಶಂಕು ಅಲ್ಲೇ, ಆ ನಕ್ಷತ್ರಗಳ ನಡುವೆ ಇರಲಿ ಅಂತ ತೀರ್ಮಾನವಾಯಿತು. ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ಬರುವ ಕತೆ ಇದು.

ಇಂಗ್ಲಿಷಿನಲ್ಲಿ ‘ಸದರ್ನ್ ಕ್ರಾಸ್’ ಅಥವಾ ‘ಕ್ರಕ್ಸ್’ ಅನ್ನುವ ನಕ್ಷತ್ರಪುಂಜವನ್ನೇ ನಮ್ಮಲ್ಲಿ ತ್ರಿಶಂಕು ಅಂತ ಗುರುತಿಸುತ್ತಾರೆ. ಒಟ್ಟು 88 ನಕ್ಷತ್ರಪುಂಜಗಳಲ್ಲಿ ಅತಿ ಚಿಕ್ಕದು ಇದೇ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನ ಕ್ರಿಕೆಟ್ ಮ್ಯಾಚ್ ನೋಡುವಾಗ ಇದನ್ನು ನೀವು ನೂರಾರು ಸಲ ನೋಡಿದ್ದೀರಿ. ಎರಡೂ ದೇಶಗಳ ಬಾವುಟದ ಮೇಲೆ ಇರುವುದು ಇದೇ ನಕ್ಷತ್ರಗಳು. ಆಸ್ಟ್ರೇಲಿಯಾದ್ದರಲ್ಲಿ ಐದು, ನ್ಯೂಜಿಲೆಂಡ್‌ದರಲ್ಲಿ ನಾಲ್ಕು.

ತಮಾಷೆ ಅಂದರೆ, ನನಗೆ ಈ ಕತೆ ಹೇಳಿದ ಅಜ್ಜಿ ತ್ರಿಶಂಕುವನ್ನು ಇದು ಅಂತ ಗುರುತಿಸಿ ನೋಡಿಯೇ ಇರಲಿಲ್ಲ. ಕತೆ ಗೊತ್ತು, ನಕ್ಷತ್ರ ಗೊತ್ತಿಲ್ಲ. ನನಗೂ ಅಷ್ಟೇ.

ಮೊದಲ ಸಲ ಮೋಸ ಹೋಗಿದ್ದು

ಶುಕ್ರವಾರ ರಾತ್ರಿ ಗುಡುಗು, ಹತ್ತು ನಿಮಿಷ ಮಳೆ. ಆಕಾಶ ಕಾಣಲಿಲ್ಲ, ಪತ್ರ ಬ್ಯಾಗಿನಿಂದ ಹೊರಗೆ ಬರಲಿಲ್ಲ. ಆದರೆ ಆ ಮಳೆ ಗಾಳಿಯಲ್ಲಿದ್ದ ಧೂಳನ್ನೆಲ್ಲ ತೊಳೆದುಬಿಟ್ಟಿತ್ತು. ಶನಿವಾರ ಸಂಜೆ ನೀಲಗಿರಿ ಸಾಲು ಗೆರೆ ಎಳೆದ ಹಾಗೆ ಸ್ಪಷ್ಟ.

ಎಂಟು ಗಂಟೆಗೆ ತಾರಸಿ ಹತ್ತಿದೆ. ಹೊಲಕ್ಕೆ ಹೋಗಬೇಕು ಅಂತ ಮನಸ್ಸಿತ್ತು, ಅಪ್ಪ ಬಿಡಲಿಲ್ಲ. ಹೋದ ವಾರವಷ್ಟೇ ಆನೆ ಬಂದು ಪಕ್ಕದ ಹೊಲದ ಬಾಳೆ ತುಳಿದಿತ್ತಂತೆ. ಬೀದಿ ದೀಪ ಕಣ್ಣಿಗೆ ಹೊಡೀತಿತ್ತು. ನೀರಿನ ಟ್ಯಾಂಕಿನ ಮರೆಗೆ ಚಾಪೆ ಹಾಸಿಕೊಂಡೆ. ದಕ್ಷಿಣಕ್ಕೆ ನೋಡಿದರೆ ಸರಿಯಾಗಿ ಎದುರಿಗೇ ನಾಲ್ಕು ನಕ್ಷತ್ರ, ಚೆಂದದ ಶಿಲುಬೆ ಆಕಾರ!

‘ಸಿಕ್ತು!’ ಅಂತ ಕೂಗಿದೆ. ಅಪ್ಪ ಅರ್ಧ ಊಟ ಬಿಟ್ಟು ಮೇಲೆ ಬಂದರು. ಇಬ್ಬರೂ ಹತ್ತು ನಿಮಿಷ ಭಕ್ತಿಯಿಂದ ನೋಡಿದೆವು. ಫೋನಿನ ಆ್ಯಪ್ ತೆಗೆದು ನೋಡಿದರೆ ಅದು ತ್ರಿಶಂಕು ಅಲ್ಲ. ‘ಸುಳ್ಳು ಶಿಲುಬೆ’ ಅಂತಲೇ ಅದಕ್ಕೆ ಹೆಸರು. ವೇಲಾ ಮತ್ತು ಕರೀನಾ ಅನ್ನುವ ಎರಡು ಪುಂಜಗಳಿಂದ ಎರಡೆರಡು ನಕ್ಷತ್ರ ಸೇರಿ ಆಗಿರುವ ಆಕಾರ. ತ್ರಿಶಂಕುವಿಗಿಂತ ದೊಡ್ಡದು, ಆದರೆ ಮಂಕು. ನಿಜವಾದ ತ್ರಿಶಂಕು ಆ ಹೊತ್ತಿಗೆ ಆಗ್ನೇಯದಲ್ಲಿ, ಹುಣಸೆ ಮರದ ಹಿಂದೆ ಎಡಕ್ಕೆ ಒರಗಿ ಮಲಗಿತ್ತು.

ಹಾಗಾಗಿ ನೀವು ನೋಡಲು ಹೋಗುವುದಾದರೆ ಎರಡು ವಿಷಯ ನೆನಪಿಡಿ. ಒಂದು, ಅವಸರ ಬೇಡ. ತ್ರಿಶಂಕು ನೆಟ್ಟಗೆ ನಿಲ್ಲೋದು ಏಪ್ರಿಲ್ ಮಧ್ಯದಲ್ಲಿ ರಾತ್ರಿ ಸುಮಾರು 11 ಗಂಟೆ ದಾಟಿದ ಮೇಲೆ. ಮೇ ಮೊದಲ ವಾರದಲ್ಲಿ ಹತ್ತು ಗಂಟೆ ಸುಮಾರಿಗೆ, ಮೇ ಮೂರನೇ ವಾರದಲ್ಲಿ ಒಂಬತ್ತಕ್ಕೇ. ಜೂನ್ ಬಂತೆಂದರೆ ಮೋಡದ ಕಾಟ. ಎರಡು, ಪಕ್ಕದಲ್ಲಿ ಕಾವಲುಗಾರರಿದ್ದಾರಾ ನೋಡಿ. ನಿಜವಾದ ತ್ರಿಶಂಕುವಿನ ಎಡಕ್ಕೆ, ಸ್ವಲ್ಪ ಕೆಳಗೆ, ಎರಡು ಪ್ರಖರ ನಕ್ಷತ್ರಗಳು ಒಂದರ ಹಿಂದೆ ಒಂದು ಬರುತ್ತವೆ. ಆಲ್ಫಾ ಸೆಂಟಾರಿ, ಬೀಟಾ ಸೆಂಟಾರಿ. ಸುಳ್ಳು ಶಿಲುಬೆಗೆ ಇಂಥ ಜೋಡಿ ಇಲ್ಲ.

ಎಷ್ಟು ಎತ್ತರ ಅಂತ ತಿಳಿಯೋಕೆ ಕೈ ಮುಂದೆ ಚಾಚಿ ಮುಷ್ಟಿ ಹಿಡಿಯಿರಿ. ಒಂದು ಮುಷ್ಟಿ ಅಂದರೆ ಹೆಚ್ಚುಕಡಿಮೆ ಹತ್ತು ಡಿಗ್ರಿ. ನಮ್ಮೂರಿನಿಂದ ತ್ರಿಶಂಕುವಿನ ಕಾಲು ದಿಗಂತದಿಂದ ಒಂದೂವರೆ ಮುಷ್ಟಿ, ತಲೆ ಎರಡು ಮುಷ್ಟಿ ಎತ್ತರಕ್ಕೆ ಬರುತ್ತದೆ, ಅಷ್ಟೇ. ಅದಕ್ಕೇ ದಕ್ಷಿಣ ದಿಕ್ಕಿನಲ್ಲಿ ಕಟ್ಟಡ, ಬೆಟ್ಟ ಇರಬಾರದು ಅನ್ನೋದು. ಉತ್ತರಕ್ಕೆ ಹೋದಷ್ಟೂ ಅದು ಇಳಿಯುತ್ತದೆ. ದೆಹಲಿಯಿಂದ ಪೂರ್ತಿ ಕಾಣೋದೇ ಇಲ್ಲ, ಕಾಲು ನೆಲದೊಳಗೇ ಉಳಿದುಬಿಡುತ್ತದೆ.

ಅಜ್ಜಿ ಮೆಟ್ಟಿಲು ಹತ್ತಿದಳು

ಹತ್ತೂವರೆಗೆ ಕೆಳಗಿನಿಂದ ಅಜ್ಜಿ ದನಿ. ‘ನಾನೂ ಬತ್ತೀನಿ ಕನ.’

ನಮ್ಮ ತಾರಸಿ ಮೆಟ್ಟಿಲಿಗೆ ಕಂಬಿ ಇಲ್ಲ. ಅಜ್ಜಿಗೆ ಆಧಾರ್ ಕಾರ್ಡಿನ ಪ್ರಕಾರ 87 ವರ್ಷ. ಹುಟ್ಟಿದ ದಿನ ಜನವರಿ 1, ಅವಳ ಓರಗೆಯ ಅರ್ಧ ಊರಿಗೇ ಅದೇ ಹುಟ್ಟುಹಬ್ಬ. ಅಪ್ಪ ಬೇಡವೇ ಬೇಡ ಅಂದರು. ‘ಎರಡು ಕಣ್ಣಿಗೂ ಪೊರೆ ತೆಗೆಸಿದ್ದು ಟೀವಿ ನೋಡಕ್ಕಾ?’ ಅಂತ ಅಜ್ಜಿ ಕೇಳಿದಳು. ಅದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಮುಂದೆ ಅಪ್ಪ, ಹಿಂದೆ ನಾನು, ಹದಿನೆಂಟು ಮೆಟ್ಟಿಲು ಹತ್ತೋಕೆ ಕಾಲು ಗಂಟೆ. ಟಾರ್ಚಿಗೆ ಅಮ್ಮ ಕೆಂಪು ರವಿಕೆ ಕಣ ಸುತ್ತಿಕೊಟ್ಟಳು. ಕೆಂಪು ಬೆಳಕಾದರೆ ಕತ್ತಲಿಗೆ ಹೊಂದಿಕೊಂಡ ಕಣ್ಣು ಕೆಡುವುದಿಲ್ಲ.

ಹನ್ನೊಂದಕ್ಕೆ ಅವನು ಹೆಚ್ಚುಕಡಿಮೆ ನೆಟ್ಟಗೆ ನಿಂತಿದ್ದ. ಬೆರಳು ತೋರಿಸಿ ಒಂದೊಂದಾಗಿ ಹೇಳಿದೆ. ಕೆಳಗಿರೋದು ಎಲ್ಲಕ್ಕಿಂತ ಪ್ರಖರ, ಏಕ್ರಕ್ಸ್. ಎಡಕ್ಕೆ ಮಿಮೋಸಾ. ಬಲಕ್ಕೆ ಸ್ವಲ್ಪ ಮಂಕಾಗಿ ಇಮಾಯ್. ತುದಿಯಲ್ಲಿ ಗೇಕ್ರಕ್ಸ್, ಅದು ಮಾತ್ರ ಕೆಂಪಗೆ. ಬಲಗೈ ಕೆಳಗೆ ಸಣ್ಣದೊಂದು ಐದನೆಯದು, ಗಿನಾನ್.

ಒಟ್ಟಿಗೆ ನಿಂತ ಹಾಗೆ ಕಂಡರೂ ಇವು ಒಟ್ಟಿಗಿಲ್ಲ. ಏಕ್ರಕ್ಸ್ ಸುಮಾರು 320 ಜ್ಯೋತಿರ್ವರ್ಷ ದೂರ, ಗೇಕ್ರಕ್ಸ್ ಸುಮಾರು 88. ಅಂದರೆ ಆ ಕೆಂಪು ದೈತ್ಯ ನಕ್ಷತ್ರದಿಂದ ಇವತ್ತು ನಮ್ಮ ಕಣ್ಣಿಗೆ ಬಿದ್ದ ಬೆಳಕು ಹೊರಟಾಗ ಅಜ್ಜಿ ಹುಟ್ಟುವ ಹೊತ್ತು. ಅಜ್ಜಿಗೆ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಹಂಗಾರೆ ನನ್ನ ವಯಸ್ಸು ಸರ್ಕಾರಕ್ಕಿಂತ ಅದಕ್ಕೇ ಸರಿಯಾಗಿ ಗೊತ್ತಿರ್ತದೆ’ ಅಂದಳು.

ಆಮೇಲೆ ತಾತನ ನೆನಪು ಬಂತು ಅವಳಿಗೆ. ತಾತ ರಾಗಿ, ಜೋಳ ಕಾಯೋಕೆ ರಾತ್ರಿ ಹೊಲದ ಅಟ್ಟಣೆಯಲ್ಲಿ ಇರುತ್ತಿದ್ದರು. ‘ಅವರು ದಿನಾ ನೋಡಿರ್ತಾರೆ, ಹೆಸರು ಗೊತ್ತಿರಲಿಲ್ಲ. ನಂಗೆ ಹೆಸರು ಗೊತ್ತಿತ್ತು, ನೋಡಿರಲಿಲ್ಲ. ಇಬ್ಬರೂ ಒಂದ್ಸಲ ಮಾತಾಡಿದ್ರೆ ಆಗ್ತಿತ್ತು ನೋಡು’ ಅಂದಳು.

ಬೈನಾಕ್ಯುಲರ್‌ನಲ್ಲಿ ಕಂಡದ್ದು

ತ್ರಿಶಂಕುವಿನ ಸುತ್ತ ನೋಡೋಕೆ ಬೇಕಾದಷ್ಟಿದೆ. ದೊಡ್ಡ ದೂರದರ್ಶಕ ಬೇಕಾಗಿಲ್ಲ.

ಮಿಮೋಸಾದ ಪಕ್ಕದಲ್ಲೇ ಒಂದು ಮಸುಕು ಚುಕ್ಕಿ. ಬೈನಾಕ್ಯುಲರ್ ಹಿಡಿದರೆ ಅದೊಂದು ಪುಟ್ಟ ಗುಂಪು ಅಂತ ಗೊತ್ತಾಗುತ್ತೆ. ಇದೇ ‘ಜ್ಯುವೆಲ್ ಬಾಕ್ಸ್’, ಒಡವೆ ಪೆಟ್ಟಿಗೆ. ಸುಮಾರು 6,400 ಜ್ಯೋತಿರ್ವರ್ಷ ದೂರದ, ನೂರರಷ್ಟು ಎಳೆ ನಕ್ಷತ್ರಗಳ ಗುಂಪು. ಫ್ರಾನ್ಸಿನ ಲಕಾಯ್ 1750ರ ದಶಕದ ಆರಂಭದಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ನಿಂದ ಇದನ್ನು ಗುರುತಿಸಿದ. ಅದೇ ಕೇಪ್‌ನಿಂದ 1830ರ ದಶಕದಲ್ಲಿ ದೊಡ್ಡ ದೂರದರ್ಶಕದಲ್ಲಿ ನೋಡಿದ ಜಾನ್ ಹರ್ಷೆಲ್ ಇದನ್ನು ಬಣ್ಣಬಣ್ಣದ ರತ್ನಗಳ ಪೆಟ್ಟಿಗೆಗೆ ಹೋಲಿಸಿದ. ನೀಲಿ ನಕ್ಷತ್ರಗಳ ನಡುವೆ ಒಂದು ಕೆಂಪು. ನಮ್ಮ ಬೈನಾಕ್ಯುಲರ್‌ಗೆ ಬಣ್ಣ ಸಿಗಲಿಲ್ಲ. ‘ಒಡವೆ ಪೆಟ್ಟಿಗೆ ಅಜ್ಜಿ, ನೋಡು’ ಅಂದೆ. ‘ನಂದು ಸೊಸೈಟೀಲಿ ಅದೆ’ ಅಂದಳು. ನನ್ನ ಇಂಜಿನಿಯರಿಂಗ್ ಕಾಲದಲ್ಲಿ ಅಡವಿಟ್ಟದ್ದು ಅದು. ಎಂದೋ ಬಿಡಿಸಿ ಆಗಿದೆ. ಆದರೂ ಆ ಜೋಕು ಅವಳು ಬಿಟ್ಟಿಲ್ಲ.

ಒಡವೆ ಪೆಟ್ಟಿಗೆಯ ಕೆಳಗೆ, ಏಕ್ರಕ್ಸ್‌ನ ಎಡಕ್ಕೆ, ಆಕಾಶಗಂಗೆಯ ಬಿಳುಪಿನ ನಡುವೆ ಒಂದು ಕಪ್ಪು ತೇಪೆ. ಅಲ್ಲಿ ನಕ್ಷತ್ರ ಇಲ್ಲ ಅಂತಲ್ಲ. ಸುಮಾರು 600 ಜ್ಯೋತಿರ್ವರ್ಷ ದೂರದಲ್ಲಿರುವ ಧೂಳು, ಅನಿಲದ ಮೋಡ ಹಿಂದಿನ ಬೆಳಕನ್ನು ಮರೆಮಾಡಿದೆ. ಅದಕ್ಕೆ ‘ಕೋಲ್‌ಸ್ಯಾಕ್’, ಇದ್ದಿಲ ಮೂಟೆ ಅಂತ ಹೆಸರು. ಆಸ್ಟ್ರೇಲಿಯಾದ ಹಲವು ಮೂಲನಿವಾಸಿ ಸಮುದಾಯಗಳಿಗೆ ಇದು ಎಮು ಹಕ್ಕಿಯ ತಲೆ. ಅದರ ಕತ್ತು, ಮೈ ಆಕಾಶಗಂಗೆಯ ಕಪ್ಪು ಪಟ್ಟೆಗಳಲ್ಲಿ ಮುಂದುವರಿಯುತ್ತದೆ. ನಾವು ಬೆಳಕಿನ ಚುಕ್ಕಿ ಸೇರಿಸಿ ಚಿತ್ರ ಮಾಡಿದರೆ, ಅವರು ಕತ್ತಲನ್ನೇ ಚಿತ್ರ ಮಾಡಿಕೊಂಡರು.

ಇನ್ನು ಆ ಕಾವಲುಗಾರರು. ಆಲ್ಫಾ ಸೆಂಟಾರಿ ಸುಮಾರು 4.4 ಜ್ಯೋತಿರ್ವರ್ಷ ದೂರ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಕುಟುಂಬ ಇದೇ. ಬರಿಗಣ್ಣಿಗೆ ಒಂದೇ ಚುಕ್ಕಿ. ಅದು ಎರಡು ನಕ್ಷತ್ರಗಳ ಜೋಡಿ ಅಂತ 1689ರ ಡಿಸೆಂಬರ್‌ನಲ್ಲಿ ಕಂಡುಕೊಂಡದ್ದು ಎಲ್ಲಿ ಗೊತ್ತಾ? ನಮ್ಮ ಪಕ್ಕದ ಪುದುಚೇರಿಯಲ್ಲಿ. ಜೀನ್ ರಿಶೋ ಅನ್ನುವ ಫ್ರೆಂಚ್ ಪಾದ್ರಿ ಧೂಮಕೇತು ನೋಡುತ್ತಿದ್ದಾಗ ಇದು ಕಣ್ಣಿಗೆ ಬಿತ್ತು. ಇವರ ಕುಟುಂಬದ ಮೂರನೆಯ ಸದಸ್ಯ ಪ್ರಾಕ್ಸಿಮಾ ಬರಿಗಣ್ಣಿಗೆ ಕಾಣದು. ಆದರೆ ಅದೇ ಎಲ್ಲಕ್ಕಿಂತ ಹತ್ತಿರ.

ಬೀಟಾದಿಂದ ಮೇಲಕ್ಕೆ ಎಪ್ಸಿಲಾನ್ ಸೆಂಟಾರಿಗೆ ಗೆರೆ ಎಳೆದು, ಹೆಚ್ಚುಕಡಿಮೆ ಅಷ್ಟೇ ದೂರ ಮುಂದೆ ಹೋದರೆ ಮಂಜು ಹಿಡಿದ ನಕ್ಷತ್ರದಂಥದ್ದು ಸಿಗುತ್ತದೆ. ಹಿಂದಿನವರು ಅದನ್ನು ನಕ್ಷತ್ರ ಅಂತಲೇ ಎಣಿಸಿದ್ದರು, ಅದಕ್ಕೇ ‘ಒಮೇಗಾ ಸೆಂಟಾರಿ’ ಅಂತ ನಕ್ಷತ್ರದ ಹೆಸರು. 1677ರಲ್ಲಿ ಸೇಂಟ್ ಹೆಲೆನಾ ದ್ವೀಪದಿಂದ ನೋಡಿದ ಎಡ್ಮಂಡ್ ಹ್ಯಾಲಿ ಇದು ನಕ್ಷತ್ರದ ಹಾಗಿಲ್ಲ, ಮಸುಕು ಅಂತ ಗುರುತಿಸಿದ. ನಿಜಕ್ಕೂ ಅದು ಸುಮಾರು ಒಂದು ಕೋಟಿ ನಕ್ಷತ್ರಗಳ ಉಂಡೆ, ಸುಮಾರು 17,000 ಜ್ಯೋತಿರ್ವರ್ಷ ದೂರ. ಬೈನಾಕ್ಯುಲರ್‌ನಲ್ಲಿ ಹತ್ತಿ ಬಿಟ್ಟ ಹಾಗೆ. ಅವತ್ತು ನೋಡಿದ್ದರಲ್ಲಿ ಅಪ್ಪನಿಗೆ ಹಿಡಿಸಿದ್ದು ಇದು.

ಇವೆಲ್ಲ ಇರುವ ಸೆಂಟಾರಸ್ ಪುಂಜ ಗ್ರೀಕರಿಗೆ ಅರ್ಧ ಮನುಷ್ಯ, ಅರ್ಧ ಕುದುರೆ. ಹಲವರ ಪ್ರಕಾರ ಅವನು ಕೈರಾನ್, ವೀರರಿಗೆ ವಿದ್ಯೆ ಕಲಿಸಿದ ಗುರು. ಸಾವಿಲ್ಲದವನು. ವಿಷದ ಬಾಣ ತಗುಲಿ, ವಾಸಿಯೂ ಆಗದೆ, ಸಾಯಲೂ ಆಗದೆ ನರಳಿದವನು. ಅಂತೂ ಆಕಾಶದ ಆ ಮೂಲೆಯಲ್ಲಿ ಅತ್ತಲೂ ಅಲ್ಲದ ಇತ್ತಲೂ ಅಲ್ಲದ ಇಬ್ಬರು ನೆರೆಹೊರೆ. ಎರಡು ಸಾವಿರ ವರ್ಷದ ಹಿಂದೆ ತ್ರಿಶಂಕುವಿನ ನಕ್ಷತ್ರಗಳೂ ಆ ಕುದುರೆಯ ಕಾಲೇ ಆಗಿದ್ದವು. ಆಗ ಅವು ಮೆಡಿಟರೇನಿಯನ್ ತೀರದಿಂದಲೂ ಕಾಣುತ್ತಿದ್ದವು. ಭೂಮಿಯ ಅಕ್ಷ ಬುಗುರಿಯ ಹಾಗೆ ಸುಮಾರು 26,000 ವರ್ಷಕ್ಕೊಂದು ಸುತ್ತು ತಿರುಗುತ್ತದೆ. ಅದರಿಂದಾಗಿ ಯುರೋಪಿನವರ ದಿಗಂತದಿಂದ ಅವು ಮೆಲ್ಲಗೆ ಕೆಳಗಿಳಿದವು. ಮತ್ತೆ ಅವರಿಗೆ ಪರಿಚಯವಾದದ್ದು ದಕ್ಷಿಣದ ಸಮುದ್ರಗಳಲ್ಲಿ ಹಡಗು ಓಡಿಸತೊಡಗಿದಾಗ. ಪೋರ್ಚುಗೀಸ್ ಹಡಗಿನಲ್ಲಿ ಭಾರತಕ್ಕೆ ಬಂದ ಇಟಲಿಯ ಆಂಡ್ರಿಯಾ ಕೊರ್ಸಾಲಿ ಈ ಶಿಲುಬೆಯ ಚಿತ್ರ ಬರೆದು ಕಳಿಸಿದ ಪತ್ರ 1516ರಲ್ಲಿ ಫ್ಲಾರೆನ್ಸ್‌ನಲ್ಲಿ ಅಚ್ಚಾಯಿತು. ನಮ್ಮ ಕಡೆ ಮಾತ್ರ ಅದು ಇಷ್ಟೂ ಕಾಲ ಕಾಣುತ್ತಲೇ ಇತ್ತು.

ತಲೆ ಯಾವ ಕಡೆ?

ಹನ್ನೆರಡು ಹತ್ತಿರ ಆಯಿತು. ಅಪ್ಪ ಕೆಳಗಿಳಿದರು. ಅಜ್ಜಿ ಕಂಬಳಿ ಹೊದ್ದು ಟ್ಯಾಂಕಿಗೆ ಒರಗಿ ಕೂತಿದ್ದಳು.

‘ಕತೇಲಿ ತಲೆಕೆಳಗಾಗಿ ಬಿದ್ದ ಅಂತೀವಿ. ಇವನು ನೆಟ್ಟಗೆ ನಿಂತವ್ನಲ್ಲ. ಉದ್ದಕ್ಕಿರೋದು ಕಾಲು, ಮೇಲೆ ಅಡ್ಡಕ್ಕೆ ತೋಳು.’

ಸಮಯ ಇದೇ ಅನ್ನಿಸಿತು. ‘ಇಲ್ಲಿಂದ ಹಂಗೆ ಕಾಣೋದು ಅಜ್ಜಿ. ಮೆಲ್ಬರ್ನ್ ಅಂತ ಒಂದೂರದೆ, ಆಸ್ಟ್ರೇಲಿಯಾದಲ್ಲಿ. ಅಲ್ಲಿ ಇದು ಮುಳುಗೋದೇ ಇಲ್ಲ. ವರ್ಷವೆಲ್ಲ ರಾತ್ರಿ ಕಾಣ್ತದೆ. ಮೇ ತಿಂಗಳಲ್ಲಿ ನೆತ್ತಿ ಹತ್ತಿರ ನೆಟ್ಟಗೆ. ನವೆಂಬರ್ ರಾತ್ರಿಯಲ್ಲಿ ಕೆಳಗಿಳಿದು, ನಿಜವಾಗಿ ತಲೆಕೆಳಗು.’

‘ನಿಂಗೆ ಹೆಂಗೆ ಗೊತ್ತು?’

‘ಅಲ್ಲಿಗೆ ಕರೀತಾವ್ರೆ. ಎರಡು ವರ್ಷ.’

ನಾಯಿ ಬೊಗಳುವ ಸದ್ದು ಬಿಟ್ಟರೆ ಏನೂ ಇಲ್ಲ. ಬ್ಯಾಗಿನಲ್ಲಿದ್ದ ಪ್ರಿಂಟೌಟ್ ತೋರಿಸಬೇಕಾ ಅಂತ ಯೋಚಿಸಿದೆ. ಅವಳಿಗೆ ಇಂಗ್ಲಿಷ್ ಬರಲ್ಲ. ಅದನ್ನು ಪ್ರಿಂಟ್ ಮಾಡಿದ್ದಾದರೂ ಯಾಕೆ ಅಂತ ಅವಾಗ ನಗು ಬಂತು.

‘ಬೇಡ ಅಂದ್ರೆ ಹೋಗಲ್ಲ’ ಅಂದೆ. ಅದು ಸುಳ್ಳು. ಅವಳಿಗೂ ಗೊತ್ತಿತ್ತು.

‘ತ್ರಿಶಂಕೂನ ಎಲ್ಲಾರೂ ಪಾಪ ಅಂತಾರೆ’ ಅಂದಳು ಅಜ್ಜಿ. ‘ಮೇಲ್ನೋರು ಸೇರಿಸಲಿಲ್ಲ, ಕೆಳಗ್ನೋರು ಬಿಟ್ಟಾಕಿದ್ರು, ದಿಟ. ಆದ್ರೆ ಒಬ್ಬ ಮಾತು ಕೊಟ್ಟೋನು ಕೊನೇಗಂಟ ಕೈ ಬುಡಲಿಲ್ಲ. ಅವನಿಗೇಂತ ಬ್ಯಾರೆ ಆಕಾಶ ಮಾಡಿಕೊಟ್ಟ. ಆ ಭಾಗ್ಯ ಎಷ್ಟು ಜನಕ್ಕದೆ?’

ನನಗೆ ಕತೆಯ ಈ ಭಾಗ ಯಾವತ್ತೂ ಹೊಳೆದಿರಲಿಲ್ಲ. ಬಿದ್ದವನನ್ನು ನೋಡಿದ್ದೆ, ಹಿಡಿದವನನ್ನು ನೋಡಿರಲಿಲ್ಲ.

‘ಈಗ ಅಲ್ಲಿ ಗಂಟೆ ಎಷ್ಟು?’

‘ಬೆಳಗಿನ ಜಾವ ನಾಲ್ಕೂವರೆ. ನಾಲ್ಕೂವರೆ ಗಂಟೆ ಮುಂದೆ ಅದೆ ಆ ಊರು.’

‘ಅಲ್ಲೂ ಕಾಣ್ತಾ ಇರ್ತಾನಾ?’

‘ಇರ್ತಾನೆ. ಸ್ವಲ್ಪ ವಾಲಿಕೊಂಡಿರ್ತಾನೆ.’

ಸೋಮವಾರ ಬೆಳಿಗ್ಗೆ ಹತ್ತಕ್ಕೆ ‘ಬರ್ತೀನಿ’ ಅಂತ ಮೇಲ್ ಕಳಿಸಿದೆ. ಜುಲೈನಲ್ಲಿ ಹೊರಡಬೇಕು. ಮೇ ತಿಂಗಳ ಅಮಾವಾಸ್ಯೆಗೆ ಇನ್ನೊಂದು ಸಲ ಊರಿಗೆ ಹೋಗ್ತಿದ್ದೀನಿ. ಅಷ್ಟರೊಳಗೆ ಮೆಟ್ಟಿಲಿಗೆ ಕಂಬಿ ಹಾಕಿಸೋಕೆ ಅಪ್ಪನಿಗೆ ದುಡ್ಡು ಕಳಿಸಿಯಾಗಿದೆ.

ಅವತ್ತು ರಾತ್ರಿ ಮೆಟ್ಟಿಲು ಇಳಿಯುವಾಗ ಅಜ್ಜಿ ಮಧ್ಯದಲ್ಲಿ ನಿಂತು ಕೇಳಿದಳು.

‘ಅವನು ತಲೆಕೆಳಗಾಗೋದು ಯಾವಾಗ ಅಂದೆ?’

‘ನವೆಂಬರ್‌ನಲ್ಲಿ.’

‘ಹಂಗಾರೆ ನವೆಂಬರ್‌ಗೆ ಊರಿಗೆ ಬಂದ್ಬುಡು.’

‘ನವೆಂಬರ್ ರಾತ್ರೀಲಿ ಇಲ್ಲಿ ಅವನು ಕಾಣಲ್ಲ ಅಜ್ಜಿ.’

‘ಅವನು ಕಾಣದಿದ್ರೆ ಹೋಗ್ಲಿ. ನಾನು ಕಾಣ್ತೀನಲ್ಲ’ ಅಂದಳು. ನನ್ನ ಭುಜ ಗಟ್ಟಿಯಾಗಿ ಹಿಡಿದುಕೊಂಡು ಮುಂದಿನ ಮೆಟ್ಟಿಲಿಗೆ ಕಾಲಿಟ್ಟಳು.